ತುಂಗನಾಥದ ಹಿಮದಲ್ಲಿ ಒಂದು ದಿನ, ಮತ್ತು ‘ಬಂದೆ ಬಂದೆ’ ಅಂದವರು ಯಾರು?

ಮೊದಲೇ ಹೇಳಿಬಿಡುತ್ತೇನೆ, ನಾವು ಹಿಮಾಲಯದ ಚಂದ್ರಶಿಲೆಯ ತುದಿ ಮುಟ್ಟಲಿಲ್ಲ. ಅದರ ಕೆಳಗಿನ ತುಂಗನಾಥದ ಗುಡಿಯವರೆಗೆ ಹೋದೆವು, ಅಲ್ಲಿಂದ ಇನ್ನೂ ಸ್ವಲ್ಪ ಹತ್ತಿದೆವು, ಆಮೇಲೆ ವಾಪಸ್ ಬಂದೆವು. ಹಿಮ ಬಿದ್ದು ದಾರಿ ಮುಚ್ಚಿತು ಅಂತಲ್ಲ. ಉಸಿರು ಕಟ್ಟಿತು ಅಂತಲೂ ಅಲ್ಲ. ನಿದ್ದೆ ಮಾಡಿಬಿಟ್ಟೆವು, ಅಷ್ಟೇ. ಆ ನಿದ್ದೆ ಯಾರ ತಪ್ಪು ಅಂತ ನನಗೂ ನನ್ನ ಗೆಳೆಯನಿಗೂ ನಡೆದ ಜಗಳವೇ ಈ ಪ್ರವಾಸದ ಅರ್ಧ ಕಥೆ.

ಇಬ್ಬರೂ ತೀರ್ಥಹಳ್ಳಿ ಕಡೆಯವರು. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಅವನು ಊರಲ್ಲೇ ಉಳಿದ, ಅಡಿಕೆ ತೋಟ ನೋಡಿಕೊಂಡಿದ್ದಾನೆ. ನಾನು ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತು ಸೊಂಟ ಹಾಳುಮಾಡಿಕೊಂಡವನು. ಅವನಿಗೆ ಮಳೆ ಅಂದ್ರೆ ಹೊಸದೇನಲ್ಲ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಪಕ್ಕದವನು. ಆದರೆ ಹಿಮ ನೋಡಿರಲಿಲ್ಲ. ‘ಫ್ರಿಜ್ಜಿನ ಮೇಲ್ಗಡೆ ಕಟ್ಟುತ್ತಲ್ಲ, ಅದೇ ತಾನೆ?’ ಅಂತಿದ್ದ. ಕೊಯ್ಲು ಮುಗಿದು, ಅಡಿಕೆ ಒಣಗಿ ಮೂಟೆ ಕಟ್ಟಿದ ಮೇಲೆ ಫೆಬ್ರವರಿಯಲ್ಲಿ ಒಂದು ವಾರ ಬಿಡುವಿದೆ ಅಂದ. ತುಂಗೆಯ ದಡದವರು ತುಂಗನಾಥಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗೋದು ಮಾರಾಯ ಅಂತ ನಾನೂ ಟಿಕೆಟ್ ಮಾಡಿಸಿಬಿಟ್ಟೆ. ತುಂಗ ಅಂದ್ರೆ ಎತ್ತರ. ನಮ್ಮ ಹೊಳೆಗೂ ಆ ದೇವರಿಗೂ ಅಷ್ಟೇ ಸಂಬಂಧ ಇರಬಹುದು, ನಮಗೆ ಅಷ್ಟು ಸಾಕಿತ್ತು.

ತುಂಗನಾಥ ಇರುವುದು ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ. ಸುಮಾರು 3,680 ಮೀಟರ್ ಎತ್ತರ. ಪಂಚಕೇದಾರ ಅನ್ನುವ ಐದು ಶಿವನ ಗುಡಿಗಳಲ್ಲಿ ಒಂದು. ಅದರ ಮೇಲಿನ ಶಿಖರ ಚಂದ್ರಶಿಲೆ, ಹತ್ತಿರ ಹತ್ತಿರ 4,000 ಮೀಟರ್ ಅನ್ನುತ್ತಾರೆ. ನಮ್ಮ ರಾಜ್ಯದಲ್ಲೇ ಎತ್ತರದ್ದು ಅಂತ ನಾವು ಬೀಗುವ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಅದರ ತಲೆ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಚಂದ್ರಶಿಲೆಗೆ ಸ್ವಲ್ಪ ಕಮ್ಮಿಯೇ. ಆದರೂ ಚಳಿಗಾಲದಲ್ಲಿ ಟೆಂಟು ಹೊರದೆ, ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವ ಹಾಗೆ, ನಮ್ಮಂಥ ಹೊಸಬರು ಹಿಮದಲ್ಲಿ ನಡೆಯಬಹುದಾದ ಬೆಟ್ಟ ಇದು.

ಮೊದಲ ದಿನ: ಹೃಷಿಕೇಶದಿಂದ ಉಖೀಮಠ

ದೆಹಲಿಯಿಂದ ರಾತ್ರಿ ಬಸ್ಸು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ, ಹಿಂದಿನ ಸೀಟು ಸಿಕ್ಕಿತ್ತು ಅಂದ್ರೆ ಗೊತ್ತಾಗುತ್ತೆ ಅಲ್ವಾ. ಬೆಳಗ್ಗೆ ಐದಕ್ಕೆ ಹೃಷಿಕೇಶದಲ್ಲಿ ಇಳಿದು ಶೇರ್ ಜೀಪು ಹಿಡಿದೆವು. ಬೆಟ್ಟದ ಕಡೆ ಹೋಗುವ ಬಸ್ಸು, ಜೀಪು ಎಲ್ಲ ಬೆಳಕು ಹರಿಯುವ ಹೊತ್ತಿಗೇ ಹೊರಡುತ್ತವೆ. ಹತ್ತು ಗಂಟೆಗೆ ತಿಂಡಿ ತಿಂದು ಆರಾಮಾಗಿ ಸ್ಟ್ಯಾಂಡಿಗೆ ಬಂದರೆ ಗಾಡಿ ಸಿಗುವುದು ಕಷ್ಟ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಗಾಡಿ ಓಡಿಸಲು ಡ್ರೈವರುಗಳೂ ಇಷ್ಟಪಡುವುದಿಲ್ಲ.

ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದಾ ಸೇರುತ್ತವೆ. ಗಂಗೆ ಅನ್ನುವ ಹೆಸರು ಶುರುವಾಗುವುದೇ ಅಲ್ಲಿಂದ. ಮಳೆಗಾಲದಲ್ಲಿ ಕೆಂಪು ನೀರಂತೆ, ನಾವು ಹೋದಾಗ ಗಾಜಿನ ಬಳೆಯ ಹಸಿರು. ಜೀಪು ಅಲ್ಲಿ ನಿಂತಿದ್ದು ಚಹಾ ಕುಡಿಯುವಷ್ಟು ಹೊತ್ತು. ಆಮೇಲೆ ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು), ಆಮೇಲೆ ರುದ್ರಪ್ರಯಾಗ. ರುದ್ರಪ್ರಯಾಗ ಅಂದ ಕೂಡಲೇ ಗೆಳೆಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. 1926ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಇಲ್ಲಿನ ನರಭಕ್ಷಕ ಚಿರತೆಯನ್ನು ಹೊಡೆದದ್ದು ಊರಿನ ಪಕ್ಕದ ಗುಲಾಬ್‌ರಾಯ್ ಅನ್ನುವ ಜಾಗದಲ್ಲಿ. ಮಲೆನಾಡಿನ ಹುಡುಗರಿಗೆ ಆ ಕಥೆ ಹಾಲು ಕುಡಿಯುವಾಗಲೇ ಗೊತ್ತು. ಅವನು ಹುಡುಕಿದ್ದು ಕಾರ್ಬೆಟ್ ಹೊಂಚು ಹಾಕಿ ಕೂತಿದ್ದ ಮಾವಿನ ಮರ, ನನಗೆ ಕಂಡಿದ್ದು ಪೆಟ್ರೋಲ್ ಬಂಕು, ಹೊಟೇಲು, ರಸ್ತೆ ಅಗಲ ಮಾಡುವ ಜೆಸಿಬಿ.

ರುದ್ರಪ್ರಯಾಗದಲ್ಲಿ ಜೀಪು ಬದಲಾಯಿಸಿದೆವು. ಅಲ್ಲಿಂದ ಅಲಕನಂದಾ ಬಿಟ್ಟು ಮಂದಾಕಿನಿಯ ದಂಡೆ. 2013ರ ಜೂನ್‌ನಲ್ಲಿ ಕೇದಾರನಾಥದಿಂದ ಇಳಿದು ಊರುಗಳನ್ನೇ ಹೊತ್ತೊಯ್ದ ಹೊಳೆ ಇದೇ. ನಾವು ಹೋದಾಗ ಮೊಣಕಾಲುದ್ದ ನೀರು, ಪಾತ್ರದ ತುಂಬ ಮನೆ ಗಾತ್ರದ ಬಂಡೆಗಳು. ನೀರಿಗಿಂತ ಆ ಬಂಡೆಗಳನ್ನು ನೋಡಿದರೇ ಭಯ ಆಗುತ್ತಿತ್ತು. ಕುಂಡ್ ಅನ್ನುವ ಕಡೆ ಹೊಳೆ ದಾಟಿ ಮೇಲೆ ಹತ್ತಿದರೆ ಉಖೀಮಠ. ಸಂಜೆ ನಾಲ್ಕಾಗಿತ್ತು. ರೂಮಿನಲ್ಲಿ ಬಿಸಿನೀರು ಒಂದು ಬಕೆಟ್, ಇಬ್ಬರಿಗೂ ಸೇರಿ.

ಎರಡನೇ ದಿನ: ಬನಿಯಾಕುಂಡ್, ಮತ್ತೆ ಜಾರುವುದನ್ನು ಕಲಿತದ್ದು

ಉಖೀಮಠದಿಂದ, ತುಂಗನಾಥದ ಹತ್ತುದಾರಿ ಶುರುವಾಗುವ ಚೋಪ್ತಾಗೆ ಮೂವತ್ತು ಕಿಲೋಮೀಟರ್ ಹತ್ತಿರ. ಚಳಿಗಾಲದಲ್ಲಿ ಹಿಮ ಜಾಸ್ತಿ ಬಿದ್ದರೆ ಗಾಡಿಗಳು ಚೋಪ್ತಾವರೆಗೆ ಹೋಗುವುದಿಲ್ಲ, ದುಗ್ಗಲ್‌ಬಿಟ್ಟಾದಲ್ಲೋ ಬನಿಯಾಕುಂಡದಲ್ಲೋ ನಿಲ್ಲುತ್ತವೆ. ನಮ್ಮ ಡ್ರೈವರ್ ಹಳೇ ಕೈ. ನೆರಳಿನ ತಿರುವು ಬಂದಾಗೆಲ್ಲ ‘ಪಾಲಾ, ಪಾಲಾ’ ಅಂತ ತನಗೆ ತಾನೇ ಹೇಳಿಕೊಂಡು ಗಾಡಿ ಆಮೆ ಮಾಡುತ್ತಿದ್ದ. ಪಾಲಾ ಅಂದ್ರೆ ರಾತ್ರಿಯ ಇಬ್ಬನಿ ಡಾಂಬರಿನ ಮೇಲೆ ಹೆಪ್ಪುಗಟ್ಟಿ ಗಾಜಾಗುವುದು. ಬಿಳಿ ಹಿಮ ಆದರೂ ಕಣ್ಣಿಗೆ ಕಾಣುತ್ತೆ, ಇದು ಕಾಣೋದೂ ಇಲ್ಲ, ಒದ್ದೆ ರಸ್ತೆ ಅಂದುಕೊಳ್ಳಬೇಕು ಅಷ್ಟೇ. ನಮಗೋ ಇಬ್ಬನಿ, ಮಂಜು, ಹಿಮ, ಮಂಜುಗಡ್ಡೆ ಎಲ್ಲ ಬಾಯಲ್ಲಿ ಒಂದಕ್ಕೊಂದು ಕಲಸಿಹೋಗಿವೆ. ಊರಿಗೆ ಫೋನ್ ಮಾಡಿ ಗೆಳೆಯ ‘ಇಲ್ಲಿ ಎಲ್ಲಾ ಕಡೆ ಮಂಜು’ ಅಂದರೆ ಅವರಮ್ಮ ‘ಇಲ್ಲೂ ಬೆಳಗ್ಗೆ ಮಂಜು ಕಣೋ, ಅದಕ್ಕೆ ಅಷ್ಟು ದೂರ ಹೋದ್ಯಾ’ ಅಂದರಂತೆ.

ಬನಿಯಾಕುಂಡದಲ್ಲಿ ಗಾಡಿ ನಿಂತಿತು. ರಸ್ತೆ ಬದಿಗೆ ಮೊಣಕಾಲು ಮಟ್ಟದ ಹಿಮ. ಗೆಳೆಯ ಇಳಿದವನೇ ಒಂದು ಮುಷ್ಟಿ ತೆಗೆದು ಬಾಯಿಗೆ ಹಾಕಿಕೊಂಡ. ‘ಎಂತ ರುಚಿ?’ ಅಂದೆ. ‘ಡೀಸೆಲ್’ ಅಂದ. ರಸ್ತೆ ಪಕ್ಕದ್ದು, ಪಾಪ.

ಈ ಕಾಡೆಲ್ಲ ಕೇದಾರನಾಥ ವನ್ಯಜೀವಿ ಧಾಮಕ್ಕೆ ಸೇರಿದ್ದು. ನಾವು ಉಳಿದ ಕಡೆ ದೀಪಕ್ಕೆ ಸೋಲಾರೇ ಗತಿ. ರೂಮಿಗೆ ಒಂದು ಬಲ್ಬು, ಅದೂ ಎಂಟು ಗಂಟೆಗೆ ಕಣ್ಣು ಮುಚ್ಚಿತು. ಮೊಬೈಲ್ ಚಾರ್ಜಿಗೆ ಪವರ್ ಬ್ಯಾಂಕು. ಫೋನನ್ನು ಕಂಬಳಿ ಒಳಗೆ ಇಟ್ಟುಕೊಂಡು ಮಲಗಿ, ಚಳಿಗೆ ಬ್ಯಾಟರಿ ಸತ್ತುಹೋಗುತ್ತೆ ಅಂತ ಅಡುಗೆಯವನೇ ಎಚ್ಚರಿಸಿದ್ದ. ಈ ಮಾತು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನ ಸ್ಪೈಕ್ ಬಾಡಿಗೆಗೆ ತೆಗೆದುಕೊಂಡೆವು. ಬೂಟಿನ ಅಡಿಗೆ ರಬ್ಬರಿನಿಂದ ಎಳೆದು ಹಾಕುವ ಕಬ್ಬಿಣದ ಹಲ್ಲು. ಅಲ್ಲಿ ಎಲ್ಲವನ್ನೂ ಕ್ರ್ಯಾಂಪಾನ್ ಅಂತಾರೆ, ನಿಜವಾದ ಕ್ರ್ಯಾಂಪಾನ್ ಬೇರೆ, ಉದ್ದ ಮೊಳೆಯದ್ದು. ಮೊಣಕಾಲವರೆಗೆ ಸುತ್ತುವ ಗೇಟರ್ ಕೂಡ ಕೊಟ್ಟರು, ಬೂಟಿನೊಳಗೆ ಹಿಮ ಹೋಗದಿರಲು. ಗೆಳೆಯ ಅದರ ಮೇಲೂ ನಂಬಿಕೆ ಇಡದೆ ಊರಿಂದ ತಂದ ಪ್ಲಾಸ್ಟಿಕ್ ಕವರನ್ನು ಕಾಲುಚೀಲದ ಮೇಲೆ ಕಟ್ಟಿಕೊಂಡ. ನಕ್ಕಿದ್ದೆ. ಮರುದಿನ ಸಂಜೆ ಒಣಗಿದ ಕಾಲುಚೀಲ ಇದ್ದದ್ದು ಅವನದ್ದು ಮಾತ್ರ.

ಢಾಬಾದ ಮುಂದೆ ನೀರು ಹರಿದು ಗಾಜಾಗಿದ್ದ ಒಂದು ತುಂಡು ಜಾಗ ಇತ್ತು. ಅಲ್ಲಿ ನಾನು ಎರಡು ಸಲ ಬಿದ್ದೆ. ಢಾಬಾದವರು ಒಳಗಿಂದ ಒಲೆಯ ಬೂದಿ ತಂದು, ರಂಗೋಲಿ ಬಿಡುವವರ ಹಾಗೆ ಬೆರಳ ಸಂದಿಯಿಂದ ಸಣ್ಣಗೆ ಉದುರಿಸಿಕೊಂಡು ಹೋದರು. ಹತ್ತು ಹೆಜ್ಜೆ ಅಗಲಕ್ಕೆ ಬೂದು ಬಣ್ಣದ ದಾರಿ. ಅದರ ಮೇಲೆ ಕಾಲಿಟ್ಟರೆ ಬೂದಿಯ ಕಾಳುಗಳು ಗಡ್ಡೆಗೆ ಕಚ್ಚಿಕೊಂಡು, ಸರ್ ಅಂತ ಹಿಡಿದು, ನಿಲ್ಲುತ್ತೆ. ಗೆಳೆಯ ಅದನ್ನೇ ನೋಡುತ್ತ ನಿಂತ. ‘ನಮ್ಮಲ್ಲಿ ಮಳೆಗಾಲಕ್ಕೆ ಅಂಗಳಕ್ಕೆ ಅಡಿಕೆ ಸೋಗೆ ಹಾಸ್ತೀವಲ್ಲ, ಅದೇ ಇದು’ ಅಂದ. ಆಮೇಲೆ ತೋಟದ ಪಾಚಿಯ ಮೇಲೆ ನಡೆಯುವ ಹಾಗೆ ಹೆಬ್ಬೆರಳು ಊರಿ ನಡೆಯೋಣ ಅಂತ ಹೋದ. ಪಾಚಿಗೆ ಬರಿಗಾಲು, ಇಲ್ಲಿ ಎರಡು ಕೇಜಿ ಬೂಟು. ಹೆಬ್ಬೆರಳಿನ ವಿದ್ಯೆ ಒಳಗೇ ಉಳಿಯಿತು, ಅವನು ಹೊರಗೆ ಬಿದ್ದ. ಲೆಕ್ಕ ಸಮ.

ರಾತ್ರಿ ಊಟಕ್ಕೆ ಮಂಡುವಾ ರೊಟ್ಟಿ. ಮಂಡುವಾ ಅಂದ್ರೆ ಬೇರೇನಲ್ಲ, ರಾಗಿ. ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಹುರುಳಿಯ ದಾಲ್. ಎರಡು ಸಾವಿರ ಕಿಲೋಮೀಟರ್ ದಾಟಿ ಬಂದು ರಾಗಿ ರೊಟ್ಟಿ, ಹುರುಳಿ ಸಾರು ತಿಂದೆವು ಅಂತ ಆಯ್ತು. ಆದರೆ ಆ ಚಳಿಯಲ್ಲಿ ನಾಲ್ಕು ನಾಲ್ಕು ಇಳಿದವು.

ಗೈಡ್ ಹುಡುಗ ಬಂದು ಮಾತಾಡಿದ. ಮಕ್ಕೂಮಠದವನು, ಇಪ್ಪತ್ತೆರಡು ವರ್ಷ ಇರಬೇಕು. ಚಳಿಗಾಲದಲ್ಲಿ ತುಂಗನಾಥನ ಗುಡಿ ಮುಚ್ಚಿದಾಗ ದೇವರ ಉತ್ಸವಮೂರ್ತಿ ಇಳಿದು ಬರುವುದು ಇವನ ಊರಿಗೇ. ‘ದೇವರು ನಮ್ಮನೆ ಪಕ್ಕ ಇದ್ದಾನೆ, ನೀವು ಖಾಲಿ ಗುಡಿ ನೋಡಲು ಮೇಲೆ ಹೋಗ್ತಾ ಇದ್ದೀರಿ’ ಅಂತ ಹಿಂದಿಯಲ್ಲಿ ತಮಾಷೆ ಮಾಡಿದ. ಬೆಳಗ್ಗೆ ನಾಲ್ಕಕ್ಕೆ ಬಾಗಿಲು ತಟ್ಟುತ್ತೇನೆ, ನಾಲ್ಕೂವರೆಗೆ ಹೊರಡಬೇಕು, ತಡ ಆದರೆ ಹಿಮ ಮೆತ್ತಗಾಗುತ್ತೆ, ಒಂಬತ್ತು ಹತ್ತರೊಳಗೆ ಚಂದ್ರಶಿಲೆ ಮುಗಿಸಿ ಇಳಿಯಲು ಶುರು ಮಾಡಬೇಕು, ಹನ್ನೊಂದರ ಮೇಲೆ ಮೋಡ. ಎಲ್ಲಾ ಸ್ಪಷ್ಟವಾಗಿ ಹೇಳಿದ. ನಾವೂ ದೊಡ್ಡದಾಗಿ ತಲೆ ಆಡಿಸಿದೆವು.

ಮೂರನೇ ದಿನ: ನಡೆದದ್ದು

ಕಣ್ಣು ಬಿಟ್ಟಾಗ ಕಿಟಕಿ ಬೆಳ್ಳಗಿತ್ತು. ಮೊದಲು ಸುಮ್ನೆ ಚಂದ ಅನ್ನಿಸಿತು. ಆಮೇಲೆ ಎದ್ದು ಕೂತೆ. ನನ್ನ ಫೋನು ಕಿಟಕಿ ಕಟ್ಟೆಯ ಮೇಲೆ, ಸತ್ತು ಮಲಗಿತ್ತು. ಅಲಾರಂ ಇದ್ದದ್ದು ಅದರಲ್ಲಿ. ಗೆಳೆಯನ ವಾಚಿನಲ್ಲಿ ಏಳು ಗಂಟೆ.

ಹೊರಗೆ ಓಡಿದರೆ ಹುಡುಗ ಢಾಬಾದ ಒಲೆ ಮುಂದೆ ಆರಾಮಾಗಿ ಚಹಾ ಕುಡಿಯುತ್ತಿದ್ದಾನೆ. ಯಾಕೆ ಎಬ್ಬಿಸಲಿಲ್ಲ ಅಂತ ನಾನು ಸ್ವಲ್ಪ ಜೋರಾಗೇ ಕೇಳಿದೆ. ‘ತಟ್ಟಿದೆ ಭೈಯಾ, ಸರಿಯಾಗಿ ನಾಲ್ಕಕ್ಕೆ, ಮೂರು ಸಲ. ಒಳಗಿಂದ ಬಂದ್ ಹೈ, ಬಂದ್ ಹೈ ಅಂದ್ರಲ್ಲ. ಪ್ರೋಗ್ರಾಂ ಬಂದ್ ಅಂದುಕೊಂಡು ಹೋಗಿ ಮಲಗಿದೆ’ ಅಂದ.

ಒಂದು ನಿಮಿಷ ಇಬ್ಬರೂ ಮುಖ ಮುಖ ನೋಡಿಕೊಂಡೆವು. ‘ಬಂದ್ ಹೈ’ ಅಲ್ಲ ಅದು. ‘ಬಂದೆ, ಬಂದೆ’. ಅಮ್ಮ ಹಿತ್ತಲಿಂದ ಕರೆದರೆ ಹಾಸಿಗೆಯಿಂದ ಏಳದೆ ಹೇಳ್ತೀವಲ್ಲ, ಆ ಬಂದೆ. ಹೇಳಿದ್ದು ಯಾರು ಅಂತ ಹುಡುಗನಿಗೆ ಗೊತ್ತಿಲ್ಲ, ಕತ್ತಲು, ಬಾಗಿಲು ಹಾಕಿತ್ತು. ಗೆಳೆಯ ನಾನಲ್ಲ ಅಂದ. ನಾನೂ ನಾನಲ್ಲ ಅಂದೆ. ನನಗೆ ಖಂಡಿತ ನೆನಪಿರಲಿಲ್ಲ, ಹಾಗಾಗಿ ನಾನು ಹೇಳಿದ್ದು ಸುಳ್ಳೂ ಅಲ್ಲ.

ಏಳೂ ಮುಕ್ಕಾಲಿಗೆ ಹೊರಟೆವು. ಚೋಪ್ತಾವರೆಗೆ ಹಿಮ ಮುಚ್ಚಿದ ರಸ್ತೆಯಲ್ಲೇ ಮೂರು-ನಾಲ್ಕು ಕಿಲೋಮೀಟರ್. ಅಲ್ಲಿ ತಡವಾಗಿದ್ದು ಮರೆತೇ ಹೋಯಿತು, ಯಾಕೆಂದರೆ ಎದುರಿಗೆ ಚೌಖಂಬಾ. 7,138 ಮೀಟರಿನ ನಾಲ್ಕು ತಲೆಯ ಬೆಟ್ಟ, ಬಿಸಿಲಿನಲ್ಲಿ, ಒಂದು ಮೋಡ ಇಲ್ಲ. ಕಾಲಡಿ ಹಿಮ ರಾತ್ರಿಯ ಚಳಿಗೆ ಗಟ್ಟಿಯಾಗಿ, ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಸದ್ದು. ಇದೇನು ಮಹಾ ಕಷ್ಟ, ಇದಕ್ಕೆ ನಾಲ್ಕು ಗಂಟೆಗೆ ಏಳಬೇಕಿತ್ತಾ ಅಂತ ನಾನೇ ಅಂದೆ.

ಚೋಪ್ತಾ ಸುಮಾರು 2,700 ಮೀಟರ್. ಗೇಟು ದಾಟಿದರೆ ತುಂಗನಾಥಕ್ಕೆ ಕಲ್ಲು ಹಾಸಿದ ದಾರಿ ಇದೆ, ಮೂರೂವರೆ-ನಾಲ್ಕು ಕಿಲೋಮೀಟರ್, ಆದರೆ ಅಷ್ಟರಲ್ಲೇ ಸಾವಿರ ಮೀಟರ್ ಹತ್ತುವ ದಾರಿ. ಬೇಸಿಗೆಯಲ್ಲಿ ಅಜ್ಜ ಅಜ್ಜಿಯರೂ ಹತ್ತುತ್ತಾರೆ. ಫೆಬ್ರವರಿಯಲ್ಲಿ ಕಲ್ಲು ಎಲ್ಲಿದೆ ಅಂತ ಹುಡುಗನಿಗೆ ಮಾತ್ರ ಗೊತ್ತು. ಮೊದಲು ಬುರಾಂಶ್ ಮರಗಳ ಕಾಡು. ಕೆಂಪು ಹೂವಿನ ರೋಡೋಡೆಂಡ್ರಾನ್, ಈಗ ಮೊಗ್ಗು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದವು. ಒಂದು ತಿರುವಿನಲ್ಲಿ ಹುಡುಗ ಕೈ ಅಡ್ಡ ಹಿಡಿದು ನಿಲ್ಲಿಸಿದ. ಮೊನಾಲ್ ಹಕ್ಕಿ. ಗಂಡು. ಹಿಮದ ಮೇಲೆ ಯಾರೋ ರೇಷ್ಮೆ ಸೀರೆ ಒಣಗಿ ಹಾಕಿದ ಹಾಗೆ ನೀಲಿ, ಹಸಿರು, ತಾಮ್ರದ ಬಣ್ಣ. ಕೊಕ್ಕಿನಿಂದ ಹಿಮ ಕೆದಕಿ ಕೆದಕಿ ಏನೋ ಹುಡುಕುತ್ತಿತ್ತು. ನಾನು ಫೋನ್ ತೆಗೆಯಲು ಹೋಗಿ ನೆನಪಾಯಿತು, ಅದು ಸತ್ತಿದೆ. ಗೆಳೆಯ ಬೇಕಂತಲೇ ನನ್ನ ಕಡೆ ನೋಡಲಿಲ್ಲ.

ಕಾಡು ಮುಗಿದ ಮೇಲೆ ಬುಗ್ಯಾಲ್, ಅಂದರೆ ಹುಲ್ಲುಗಾವಲು, ಈಗ ಬರೀ ಬಿಳಿ ಇಳಿಜಾರು. ಬೇಸಿಗೆಯ ಚಹಾ ಅಂಗಡಿಗಳ ತಗಡಿನ ಸೂರು ಮಾತ್ರ ಹಿಮದಿಂದ ಮೇಲೆ ಇಣುಕುತ್ತಿದ್ದವು. ಹತ್ತು ಗಂಟೆ ಆಗಿತ್ತು. ಇಲ್ಲಿಂದ ನಿದ್ದೆಯ ಬಡ್ಡಿ ಕಟ್ಟಲು ಶುರುವಾಯಿತು.

ಹಿಮ ಹೇಗೆ ಬದಲಾಗುತ್ತೆ ಅಂತ ಹೇಳಬೇಕು ಅಂದ್ರೆ ಬೆಲ್ಲದ ಲೆಕ್ಕದಲ್ಲೇ ಹೇಳಬೇಕು. ಬೆಳಗ್ಗೆ ಅದು ಅಚ್ಚು ಬೆಲ್ಲ. ಬೂಟಿನ ತುದಿಯಿಂದ ಎರಡು ಸಲ ಒದ್ದರೆ ಒಂದು ಗೂಡು ಆಗುತ್ತೆ, ಅದರಲ್ಲಿ ಕಾಲಿಟ್ಟು ಮೆಟ್ಟಿಲಿನ ಹಾಗೆ ಹತ್ತಬಹುದು. ಬಿಸಿಲು ಏರಿದ ಹಾಗೆ ಒಳಗೆ ಜೋನಿ ಬೆಲ್ಲ ಆಗುತ್ತೆ, ಮೇಲೆ ಮಾತ್ರ ತೆಳ್ಳಗೆ ಒಂದು ಪದರ ಗಟ್ಟಿ. ಆ ಪದರ ನಿಮ್ಮನ್ನು ಹೊತ್ತುಕೊಳ್ಳುವ ಹಾಗೆ ನಾಟಕ ಮಾಡಿ, ಪೂರ್ತಿ ಭಾರ ಹಾಕಿದ ಮೇಲೆ ಒಡೆಯುತ್ತೆ. ಕಾಲು ಮೊಣಕಾಲವರೆಗೆ ಒಳಗೆ. ಎಳೆದುಕೊಳ್ಳುವಾಗ ಒಡೆದ ಪದರದ ಅಂಚು ಮೊಳಕಾಲಿನ ಮೂಳೆಗೆ ಗೀರುತ್ತೆ. ಹತ್ತು ಹೆಜ್ಜೆಯಲ್ಲಿ ನಾಲ್ಕು ನಿಲ್ಲುತ್ತೆ, ಆರು ಒಳಗೆ ಹೋಗುತ್ತೆ, ಯಾವ ನಾಲ್ಕು ಅಂತ ಮೊದಲೇ ಗೊತ್ತಾಗಲ್ಲ. ಅದೇ ಸುಸ್ತು ಮಾಡುವುದು. ಗಾಳಿಯೂ ತೆಳು, 3,500 ಮೀಟರಿನಲ್ಲಿ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಆಮ್ಲಜನಕ ಸಿಗೋದು. ಇಪ್ಪತ್ತು ಹೆಜ್ಜೆ, ನಿಲ್ಲು. ಇಪ್ಪತ್ತು ಹೆಜ್ಜೆ, ನಿಲ್ಲು. ನಿಂತಾಗೆಲ್ಲ ಅವನು ‘ನಾನಂತೂ ಅಲ್ಲ’ ಅನ್ನುತ್ತಿದ್ದ. ನನಗೆ ಉತ್ತರ ಕೊಡಲು ಉಸಿರು ಇರಲಿಲ್ಲ.

ಇನ್ನೊಂದು ವಿಷಯ, ಬಿಸಿಲು ಮೇಲಿಂದ ಮಾತ್ರ ಬರುವುದಿಲ್ಲ. ಹಿಮದಿಂದ ವಾಪಸ್ ಚಿಮ್ಮಿ ಕೆಳಗಿಂದಲೂ ಬರುತ್ತೆ. ಹಣೆಗೆ ಕ್ರೀಂ ಹಚ್ಚಿದ್ದೆ, ಟೋಪಿ ಹಾಕಿದ್ದೆ. ಸುಟ್ಟಿದ್ದು ಗಲ್ಲದ ಅಡಿ, ಮೂಗಿನ ಹೊಳ್ಳೆಯ ಒಳಗೆ. ಒಂದು ವಾರ ಮೂಗಿನ ಸಿಪ್ಪೆ ಸುಲಿಯಿತು. ಕಪ್ಪು ಕನ್ನಡಕ ಮಾತ್ರ ತೆಗೆಯಲೇಬೇಡಿ ಅಂತ ಹುಡುಗ ಗದರುತ್ತಿದ್ದ, ಅದು ಒಳ್ಳೇದಾಯ್ತು.

ತುಂಗನಾಥ ತಲುಪಿದಾಗ ಹನ್ನೆರಡೂ ಕಾಲು. ಗುಡಿ ಸಣ್ಣದು. ಬೂದು ಬಣ್ಣದ ಕಲ್ಲು, ತಲೆಯ ಮೇಲೆ ಮರದ ಛತ್ರಿಯಂಥ ಮಂಟಪ. ಅಂಗಳ ಪೂರ್ತಿ ಹಿಮ, ಅದರಲ್ಲಿ ನಂದಿ ಎದೆಮಟ್ಟ ಹೂತುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಿದ್ದ. ಯಾರೂ ಇಲ್ಲ. ಗಂಟೆಗಳು ಕಟ್ಟಿದ ಹಾಗೇ ಇದ್ದವು, ಗಾಳಿಗೆ ಸಣ್ಣದೊಂದು ಮಾತ್ರ ಆಡುತ್ತಿತ್ತು. ಈ ಗುಡಿ ಐದಾರು ಡಿಗ್ರಿ ವಾಲಿದೆ ಅಂತ ಪುರಾತತ್ವ ಇಲಾಖೆಯವರು ಕಂಡುಕೊಂಡಿದ್ದು 2023ರಲ್ಲಿ ಸುದ್ದಿಯಾಗಿತ್ತು. ನಾನು ತುಂಬ ಹೊತ್ತು ನೋಡಿದೆ. ಗೊತ್ತಾಗಲಿಲ್ಲ, ಹಿಮದಲ್ಲಿ ನಾನೇ ಅದಕ್ಕಿಂತ ಜಾಸ್ತಿ ವಾಲಿ ನಿಂತಿದ್ದೆ. ಗೆಳೆಯ ಬೂಟು ಬಿಚ್ಚಲಾಗದೆ ದೂರದಿಂದಲೇ ಕೈಮುಗಿದು, ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಒಂದು ಅಡಿಕೆ, ಅವನ ತೋಟದ್ದು. ನಂದಿಯ ಕಿವಿಯ ಪಕ್ಕ ಹಿಮದಲ್ಲಿ ಒತ್ತಿ ಇಟ್ಟ. ಬೆಟ್ಟದ ಮೇಲೆ ಹೀಗೆಲ್ಲ ಬಿಟ್ಟು ಬರಬಾರದು ಅಂತ ಹೇಳೋಣ ಅಂದುಕೊಂಡೆ. ಹೇಳಲಿಲ್ಲ.

ಚಂದ್ರಶಿಲೆಗೆ ಅಲ್ಲಿಂದ ಒಂದೂಕಾಲು ಕಿಲೋಮೀಟರ್ ಇರಬಹುದು, ಆದರೆ ನೆಟ್ಟಗೆ. ಹುಡುಗ ಗಡಿಯಾರ ನೋಡಿದ, ಕಣಿವೆ ನೋಡಿದ. ಕೆಳಗಿಂದ ಮೋಡ ಹೊಗೆಯ ಹಾಗೆ ಏಳುತ್ತಿತ್ತು. ಕಣಿವೆ ಬಿಸಿಯಾದ ಹಾಗೆ ತೇವದ ಗಾಳಿ ಮೇಲೆ ಹತ್ತುತ್ತೆ, ಹತ್ತಿದ ಹಾಗೆ ತಣ್ಣಗಾಗಿ ಮೋಡ ಆಗುತ್ತೆ, ನಮ್ಮ ಘಟ್ಟದ ತುದಿಯಲ್ಲಿ ಮಧ್ಯಾಹ್ನ ಆಗುವ ಹಾಗೇ. ‘ಒಂದೂವರೆ. ಎಲ್ಲಿದ್ದರೂ ಅಲ್ಲಿಂದ ವಾಪಸ್’ ಅಂದ. ಒಪ್ಪಿಕೊಂಡೆವು.

ಅರ್ಧ ಗಂಟೆ ಹತ್ತಿರಬೇಕು, ಎಡಗಡೆ ಇಳಿಜಾರಿನಲ್ಲಿ ಒಂದು ಸಣ್ಣ ಹಿಮದ ಉಂಡೆ ತಾನಾಗೇ ಕಳಚಿ ಉರುಳಿತು. ನಿಂಬೆಹಣ್ಣಿನ ಗಾತ್ರ. ಉರುಳುತ್ತ ಉರುಳುತ್ತ ತೆಂಗಿನಕಾಯಿ ಗಾತ್ರ ಆಯಿತು, ಹಿಂದೆ ದಾರದಂಥ ಗೆರೆ ಬಿಟ್ಟು ಕೆಳಗೆ ಹೋಯಿತು. ನಮಗೆ ಅದು ಮುದ್ದಾಗಿ ಕಂಡಿತು, ಗೆಳೆಯ ‘ಪುಂಡಿ ಗಟ್ಟಿ’ ಅಂತ ನಕ್ಕ. ಹುಡುಗ ನಗಲಿಲ್ಲ. ನಾವು ನಿಂತು ನೋಡುವಷ್ಟರಲ್ಲಿ ಇನ್ನೆರಡು ಉರುಳಿದವು. ಮೇಲಿನ ಹಿಮ ಬಿಸಿಲಿಗೆ ಒದ್ದೆಯಾಗಿ ಹಿಡಿತ ಬಿಡುತ್ತಿದೆ ಅಂತ ಅರ್ಥ ಅದು. ಇವತ್ತು ನಿಂಬೆಹಣ್ಣು, ಇನ್ನೊಂದು ಸಲ ಇಳಿಜಾರಿಗೆ ಇಳಿಜಾರೇ. ಅಷ್ಟರಲ್ಲಿ ಗೆಳೆಯ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ, ತೊಡೆಯವರೆಗೆ ಒಳಗೆ ಹೋದ. ಅಡಿಯಲ್ಲಿ ಎರಡು ಬಂಡೆಯ ಸಂದು. ಕಾಲು ಬರಲಿಲ್ಲ. ಎಳೆದರೆ ಬೂಟು ಬಿಟ್ಟು ಕಾಲು ಮಾತ್ರ ಬರುತ್ತೆ. ಹುಡುಗ ಹೊಟ್ಟೆ ಮೇಲೆ ಮಲಗಿ, ಕೈಯಿಂದ ಬೂಟಿನ ಸುತ್ತ ಹಿಮ ತೋಡಿದ, ನಾನು ಕಂಕುಳಿಗೆ ಕೈ ಹಾಕಿ ಹಿಡಿದುಕೊಂಡೆ. ಹತ್ತು ನಿಮಿಷ ಆಯಿತು. ಗೆಳೆಯ ಒಂದು ಮಾತೂ ಆಡಲಿಲ್ಲ. ತೋಟದಲ್ಲಿ ನಲವತ್ತು ಅಡಿ ಮರದ ತುದಿಯಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗಾರರ ಜೊತೆ ತಮಾಷೆ ಮಾಡಿಕೊಂಡು ನಿಲ್ಲುವ ಮನುಷ್ಯ, ಕೈ ನಡುಗುತ್ತಿತ್ತು.

ಹೊರಗೆ ಬಂದಾಗ ಒಂದೂಕಾಲು. ಮೋಡ ಒಂದು ಸಲ ಸರಿಯಿತು, ಮೇಲೆ ತುದಿಯ ಪುಟ್ಟ ಗುಡಿ, ಅದರ ಬಾವುಟ ಕಂಡಿತು. ಇನ್ನೂರು ಮೀಟರ್ ಇರಬಹುದು. ನಂದಾದೇವಿ, ತ್ರಿಶೂಲ್ ಎಲ್ಲ ಅಲ್ಲಿಂದ ಕಾಣುತ್ತವೆ ಅಂತ ತಿಂಗಳಿಂದ ಅವನ ತಲೆ ತಿಂದಿದ್ದೆ. ಇನ್ನು ಹದಿನೈದು ನಿಮಿಷ ಇದೆಯಲ್ಲ ಅಂದೆ ನಾನು. ನಿಜ ಹೇಳ್ತೀನಿ, ಅವನ ಕೈ ನಡುಗುವುದನ್ನು ನೋಡಿಯೂ ಹಾಗಂದೆ. ಹುಡುಗ ನನಗೆ ಉತ್ತರವನ್ನೇ ಕೊಡಲಿಲ್ಲ. ಸ್ಪೈಕಿನ ರಬ್ಬರು ಸರಿಮಾಡಿಕೊಂಡು ಕೆಳಗೆ ಮುಖ ಮಾಡಿ ನಿಂತ.

ಇಳಿಯುವಾಗ ಹಿಮ್ಮಡಿ ಊರಬೇಕು. ಹೆದರಿ ಹಿಂದಕ್ಕೆ ವಾಲಿದರೆ ಕುಂಡೆ ಮೇಲೆ ಬೀಳ್ತೀರಿ, ಮೈಯನ್ನು ಸ್ವಲ್ಪ ಮುಂದಕ್ಕೇ ಹಾಕಬೇಕು. ಇದು ತಲೆಗೆ ಅರ್ಥವಾದರೂ ಮೈಗೆ ಅರ್ಥವಾಗಲು ಐದು ಸಲ ಬೀಳಬೇಕಾಯಿತು. ಚೋಪ್ತಾದಲ್ಲಿ ಮೂರೂ ಮುಕ್ಕಾಲು. ಒಂದು ಅಂಗಡಿ ತೆರೆದಿತ್ತು, ಎರಡೆರಡು ಪ್ಲೇಟ್ ಮ್ಯಾಗಿ ತಿಂದೆವು. ಐದೂ ಕಾಲಿಗೆ ಬನಿಯಾಕುಂಡ. ಬೂಟು ಬಿಚ್ಚಿ ನೋಡಿದರೆ ನನ್ನ ಕಾಲಿನ ಬೆರಳುಗಳು ಬಟ್ಟೆ ಒಗೆದು ಮುಗಿಸಿದವರ ಕೈಬೆರಳಿನ ಹಾಗೆ ಬಿಳಿಚಿ ಸುಕ್ಕಾಗಿದ್ದವು.

ನಾಲ್ಕನೇ ದಿನ: ಉಖೀಮಠ, ಮತ್ತೆ ಬಸ್ಸು

ಬೆಳಗ್ಗೆ ಜೀಪು ಹಿಡಿದು ಉಖೀಮಠಕ್ಕೆ ಇಳಿದೆವು. ಓಂಕಾರೇಶ್ವರ ಗುಡಿಗೆ ಹೋಗದೆ ಬಂದರೆ ಅವನ ಅಮ್ಮ ಮನೆಗೆ ಸೇರಿಸುವುದಿಲ್ಲ. ಚಳಿಗಾಲದ ಆರು ತಿಂಗಳು ಕೇದಾರನಾಥನಿಗೆ ಪೂಜೆ ಇಲ್ಲೇ. ಶಿವರಾತ್ರಿ ದಿನ ಕೇದಾರನಾಥದ ಬಾಗಿಲು ಯಾವಾಗ ತೆರೆಯುತ್ತೆ ಅಂತ ಘೋಷಣೆ ಆಗುವುದೂ ಇಲ್ಲೇ. ಕೇದಾರದ ರಾವಲರು, ಅಂದರೆ ಗುಡಿಯ ಮುಖ್ಯ ಗುರುಗಳು, ಕರ್ನಾಟಕದ ಕಡೆಯ ವೀರಶೈವ ಜಂಗಮರು, ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದು ಇದೇ ಊರಲ್ಲಿ. ಅದೇ ಸಾಲಿನ ಇನ್ನೊಂದು, ರಂಭಾಪುರಿ ಪೀಠ, ನಮ್ಮ ಮಲೆನಾಡಿನ ಬಾಳೆಹೊನ್ನೂರಿನಲ್ಲಿದೆ. ಇದನ್ನೆಲ್ಲ ಓದಿ ಗೊತ್ತಿತ್ತು, ಆದರೆ ಗುಡಿಯ ಅಂಗಳದಲ್ಲಿ ನಾವು ನಮ್ಮ ಪಾಡಿಗೆ ‘ನೀನೇ ಅಂದಿದ್ದು’ ‘ನಾನಲ್ಲ ಮಾರಾಯ’ ಅಂತ ಕಚ್ಚಾಡುತ್ತಿದ್ದಾಗ ಹಿಂದಿನಿಂದ ‘ಯಾವ ಊರ್ರೀ ನಿಮ್ದು?’ ಅಂತ ಕೇಳಿಸಿದಾಗ ಇಬ್ಬರೂ ಬೆಚ್ಚಿದೆವು.

ವಯಸ್ಸಾದ ಒಬ್ಬ ಸ್ವಾಮಿಗಳು, ಹೆಗಲ ಮೇಲೆ ದಪ್ಪ ಶಾಲು. ಕಲಬುರಗಿ ಕಡೆಯವರಂತೆ. ತೀರ್ಥಹಳ್ಳಿ ಅಂದಿದ್ದಕ್ಕೆ ‘ಮಳಿ ಊರವ್ರು’ ಅಂತ ನಕ್ಕರು. ‘ಮ್ಯಾಲ ಹೋಗಿದ್ರೇನ್ರಿ? ಚಂದ್ರಶಿಲಾ ಆತೇನು?’ ಅಂದರು. ಗೆಳೆಯ ಎಲ್ಲ ಹೇಳಿದ, ಬಂದ್ ಹೈ ಸಮೇತ. ಅವರು ಶಾಲು ಜಾರುವ ಹಾಗೆ ನಕ್ಕು, ‘ಇಬ್ಬರೂ ಅಂದಿರ್ತೀರಿ, ತಗೋರಿ’ ಅಂತ ಇಬ್ಬರ ಕೈಗೂ ಭಸ್ಮ ಕೊಟ್ಟರು.

ರುದ್ರಪ್ರಯಾಗಕ್ಕೆ ಜೀಪು, ಅಲ್ಲಿಂದ ಹೃಷಿಕೇಶದ ಬಸ್ಸು. ಕಿಟಕಿ ಪಕ್ಕ ನನಗೆ ಸಿಕ್ಕಿತು. ಬಿಸಿಲು ಬೀಳುತ್ತಿತ್ತು, ನಾಲ್ಕು ದಿನದಲ್ಲಿ ಮೊದಲ ಸಲ ಕಾಲು ಬೆಚ್ಚಗಾಯಿತು. ಶ್ರೀನಗರ ದಾಟಿದ್ದು ಗೊತ್ತಿಲ್ಲ. ದೇವಪ್ರಯಾಗದಲ್ಲಿ ಬಸ್ಸು ಚಹಾಕ್ಕೆ ನಿಂತಿದ್ದೂ ಗೊತ್ತಿಲ್ಲ. ಎದ್ದಾಗ ಬಸ್ಸು ಮತ್ತೆ ಹೊರಟು ತಿರುವುಗಳಲ್ಲಿ ಓಲಾಡುತ್ತಿತ್ತು. ಗೆಳೆಯ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ, ಮುಖದ ತುಂಬ ನಗು.

‘ಚಹಾ ಎಲ್ಲಿ?’ ಅಂದೆ.

‘ನಿಂದೂ ನಾನೇ ಕುಡಿದೆ. ಹೊರಗಿಂದ ಕಿಟಕಿ ತಟ್ಟಿದ್ದೆ. ಏನಂದೆ ಗೊತ್ತಾ?’

ಗೊತ್ತಿರಲಿಲ್ಲ. ಅವನು ಫೋನ್ ತೆಗೆದು ನನ್ನ ಕಿವಿಗೆ ಹಿಡಿದ. ಚಹಾ ಅಂಗಡಿಯ ಗಲಾಟೆ, ಯಾವುದೋ ಲಾರಿಯ ಹಾರ್ನು, ಗಾಜಿನ ಮೇಲೆ ಟಕ್ ಟಕ್ ಟಕ್ ಅಂತ ಮೂರು ಸಲ, ಆಮೇಲೆ ಗಾಜಿನ ಆಚೆಯಿಂದ ನನ್ನ ದನಿ.